ಐದು ವೋಲ್ಟಿಗೆ ಎಷ್ಟು ಆಂಪಿಯರ್?

ಸೊಲ್ಲಾಪುರದ ನವಿ ಪೇಠೆಯಲ್ಲಿ 5 ವೋಲ್ಟ್ 40 ಆಂಪಿಯರಿನ ಎಸ್‌ಎಂಪಿಎಸ್ ಪವರ್ ಸಪ್ಲೈ ನನಗೆ 1,100 ರೂಪಾಯಿಗೆ ಸಿಕ್ಕಿತು. ಅದೇ ಕೆಲಸಕ್ಕೆಂದು ಅದಕ್ಕಿಂತ ಮೊದಲು ಮನೆಗೆ ಬಂದದ್ದು 5,400 ರೂಪಾಯಿಯ ಬೆಂಚ್ ಸಪ್ಲೈ. 30 ವೋಲ್ಟ್, 5 ಆಂಪಿಯರ್, ಎರಡು ಡಿಸ್‌ಪ್ಲೇ, ನಾಲ್ಕು ನಾಬ್. ಆರಿಸಿದವನು ಅಕ್ಕಲಕೋಟದಲ್ಲಿರುವ ನಮ್ಮ ಅಕ್ಕನ ಮಗ. ಉಜ್ಜಿದ್ದು ನನ್ನ ಕಾರ್ಡು.

ಹುಡುಗ ಗಣಪತಿ ಮಂಡಳಕ್ಕೆ ಪಿಕ್ಸೆಲ್ ಲೈಟಿನ ಕಮಾನು ಕಟ್ಟುತ್ತಿದ್ದ. ‘ಮಾಮಾ, ಮೂವತ್ತು ವೋಲ್ಟಿಂದು ತಗೊಂಡ್ರ ಮುಂದ ಎಲ್ಲಾದಕ್ಕೂ ಬರ್ತೈತಿ’ ಅಂದ. ಅವನ ಲೆಕ್ಕ ಇಷ್ಟೇ: ಮೂವತ್ತೈದ್ಲೆ ನೂರೈವತ್ತು ವ್ಯಾಟ್. ಕಮಾನಿಗೆ ಅಷ್ಟು ಬೇಡ, ಅಂದಮೇಲೆ ಸಾಕು.

ಈಗ ಕಮಾನಿನ ಲೆಕ್ಕ ನೋಡಿ. ಸ್ಟ್ರಿಪ್ ಐದು ಮೀಟರ್, ಮೀಟರಿಗೆ 60 ಎಲ್‌ಇಡಿ, ಒಟ್ಟು 300. ಒಂದೊಂದರಲ್ಲೂ ಕೆಂಪು, ಹಸಿರು, ನೀಲಿ, ತಲಾ 20 ಮಿಲಿಆಂಪ್. ಪೂರ್ತಿ ಬಿಳಿ ಹತ್ತಿಸಿದರೆ ಒಂದಕ್ಕೆ 60. ಮುನ್ನೂರಕ್ಕೆ 18 ಆಂಪಿಯರ್. ವೋಲ್ಟ್ ಐದೇ ಆದ್ದರಿಂದ 90 ವ್ಯಾಟ್. 150 ವ್ಯಾಟಿನ ಸಪ್ಲೈಗೆ ಇದು ಸುಲಭವಾಗಬೇಕಲ್ಲ? ಆಗುವುದಿಲ್ಲ. ನಾಬ್ ತಿರುಗಿಸಿ 30ರಿಂದ 5 ವೋಲ್ಟಿಗೆ ಇಳಿಸಿದರೆ ಆಂಪಿಯರ್ ಏರಿ ಕೂರುವುದಿಲ್ಲ, ಐದು ಅಂದರೆ ಐದೇ. ಕೈಗೆ ಬಂದದ್ದು 25 ವ್ಯಾಟ್. 83 ಎಲ್‌ಇಡಿ ಬಿಳಿಯಾಗಿ ಉರಿಯುವಷ್ಟು. ಹುಡುಗ ಪೂರ್ತಿ ಸ್ಟ್ರಿಪ್ ಹತ್ತಿಸಿದ ಕೂಡಲೇ ಕರೆಂಟು ಮಿತಿ ಮುಟ್ಟಿತೆನ್ನುವ ಸಿಸಿ ದೀಪ ಬಂತು, ವೋಲ್ಟೇಜ್ ಕುಸಿಯಿತು, ಸ್ಟ್ರಿಪ್ಪಿನ ಕೊನೆಯಲ್ಲಿ ಬಿಳಿ ಹೋಗಿ ಕೆಂಪು ಉಳಿಯಿತು.

ದುಡ್ಡಿಗೆ ತಿರುಗಿಸಿದರೆ, ಬೆಂಚ್ ಸಪ್ಲೈಯಲ್ಲಿ ಒಂದು ಆಂಪಿಯರಿಗೆ 1,080 ರೂಪಾಯಿ. ಎಸ್‌ಎಂಪಿಎಸ್ ಮೇಲೆ ಬರೆದ 40ನ್ನು ನಾನು ನಂಬುವುದಿಲ್ಲ, ಮುಕ್ಕಾಲು ಹಿಡಿಯುತ್ತೇನೆ, 30. ಫ್ಯೂಸು, ತ್ರೀ ಪಿನ್ ಕಾರ್ಡು, ದಪ್ಪ ವೈರಿಗೆ ಇನ್ನೊಂದು 400 ಸೇರಿಸಿದರೂ ಆಂಪಿಯರಿಗೆ 50 ರೂಪಾಯಿ. ಆ ವೈರಿನಲ್ಲಿ ಮಾತ್ರ ಜಿಪುಣತನ ಬೇಡ. ದೀಡ್ ಸ್ಕ್ವೇರ್ ಎಂಎಂ ವೈರು ಎರಡು ಮೀಟರ್ ಹೋಗಿ ಬರುವಷ್ಟರಲ್ಲಿ 18 ಆಂಪಿಯರಿಗೆ ಮುಕ್ಕಾಲು ವೋಲ್ಟಿಗಿಂತ ಹೆಚ್ಚು ತಿಂದುಬಿಡುತ್ತದೆ. ಐದರಲ್ಲಿ ಅದು ಸಣ್ಣ ಪಾಲಲ್ಲ.

ಇನ್ನು ಬೆಂಚ್ ಸಪ್ಲೈ ಕೊಂಡ ಆ ‘ನೋ ಕಾಸ್ಟ್ ಇಎಂಐ’. ಆರು ಕಂತು, ತಿಂಗಳಿಗೆ 900, ಬಡ್ಡಿ ಇಲ್ಲ ಅಂತ ಒಪ್ಪಿಸಿದರು. ಸ್ಟೇಟ್‌ಮೆಂಟ್ ಬಂದಾಗ 199ರ ಪ್ರೊಸೆಸಿಂಗ್ ಫೀ, ಅದಕ್ಕೆ 18% ಜಿಎಸ್‌ಟಿ, ಇಲ್ಲವೆಂದ ಬಡ್ಡಿಯ ಮೇಲೂ ಜಿಎಸ್‌ಟಿ. ಬಡ್ಡಿ ಇಲ್ಲದಿದ್ದರೆ ತೆರಿಗೆ ಯಾವುದರ ಮೇಲೆ ಸ್ವಾಮಿ? ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಹೆಸರು ಬದಲಾಯಿತು, ಆಟ ನಡೆದಿದೆ. ಐದು ಸಾವಿರದ ಸಾಮಾನಿಗೂ ಕಂತು ಮಾಡುವ ಚಟ ನಮ್ಮ ಹುಡುಗರಿಗೆ ಯಾಕೆ ಅಂಟಿತೋ! ಕಂತು ಇದೆ ಅಂದ ಕೂಡಲೇ ಎರಡು ಸಾವಿರದಲ್ಲಿ ಮುಗಿಯುವುದು ಐದಕ್ಕೆ ಏರುತ್ತದೆ. ‘ಮುಂದ ಬೇಕಾಗ್ತೈತಿ’ ಅನ್ನುವುದಂತೂ ಇನ್ನೂ ದೊಡ್ಡ ಚಟ. ಚಾದರವನ್ನು ಕೈಯಲ್ಲಿ ಹಿಡಿದು, ತೂಗಿ, ಎಳೆ ನೋಡಿ ಕೊಳ್ಳುವ ಊರಿನವರು ನಾವು, ಡಿಸ್‌ಪ್ಲೇ ಕಂಡರೆ ಮಾತ್ರ ಮರುಳಾಗುತ್ತೇವೆ.

ಇನ್ನೂ ಅಗ್ಗ ಬೇಕೆಂದರೆ ಗುಜರಿ ಅಂಗಡಿಯಲ್ಲಿ ಹಳೇ ಕಂಪ್ಯೂಟರಿನ ಪವರ್ ಸಪ್ಲೈ ಸಿಗುತ್ತದೆ. ಹಸಿರು ವೈರನ್ನು ಕಪ್ಪಿಗೆ ಸೇರಿಸಿದರೆ ಚಾಲೂ. ಲೇಬಲ್ಲಿನಲ್ಲಿ 5 ವೋಲ್ಟಿನ ಸಾಲು ಓದಿ, 20 ಆಂಪಿಯರಿಗೆ ಕಡಿಮೆ ಇದ್ದರೆ ಬಿಡಿ. ಸರ್ವರಿನದು ಅಗ್ಗವೆಂದು ತರಬೇಡಿ, ಅದು ಹೆಚ್ಚಾಗಿ 12 ವೋಲ್ಟಿನದು.

ಹೊಸ ಎಸ್‌ಎಂಪಿಎಸ್ ತಂದವರು ಪ್ಲಗ್ ಹಾಕುವ ಮೊದಲು ಪಕ್ಕದ ಜಾಲಿಯೊಳಗೆ ಇಣುಕಿ. ಹಲವು ಮಾಡೆಲ್‌ಗಳಲ್ಲಿ ಅಲ್ಲೊಂದು ಚಿಕ್ಕ ಕೆಂಪು ಸ್ವಿಚ್ ಇರುತ್ತದೆ, 110, 220 ಎಂದು ಬರೆದದ್ದು. 110ರಲ್ಲಿದ್ದರೆ ಸ್ಕ್ರೂಡ್ರೈವರ್ ತುದಿಯಿಂದ 220ಕ್ಕೆ ಸರಿಸಿ, ಇಲ್ಲವಾದರೆ ಒಳಗಿನ ಕೆಪ್ಯಾಸಿಟರ್ ಒಡೆಯುವ ಸದ್ದು ಕೇಳುತ್ತೀರಿ. ಸ್ಕ್ರೂ ಟರ್ಮಿನಲ್ಲಿನಲ್ಲಿ 230 ವೋಲ್ಟ್ ಬೆತ್ತಲೆ ನಿಂತಿರುತ್ತದೆ, ಮುಚ್ಚಳ ಹಾಕಿ, ಅರ್ಥಿಂಗ್ ಕೊಡಿ.

ಬೆಂಚ್ ಸಪ್ಲೈ ಈಗಲೂ ಅಕ್ಕಲಕೋಟದಲ್ಲಿದೆ. ಮೊಬೈಲ್ ರಿಪೇರಿಯವನೊಬ್ಬ 3,500ಕ್ಕೆ ಕೇಳಿದ, ಹುಡುಗ ಕೊಡಲಿಲ್ಲ. ಹೊಸ ಬೋರ್ಡು ಮೊದಲ ಸಲ ಹಚ್ಚುವಾಗ ಕರೆಂಟನ್ನು 100 ಮಿಲಿಆಂಪಿಗೆ ಕಟ್ಟಿಟ್ಟರೆ ಶಾರ್ಟ್ ಇದ್ದರೂ ಬೋರ್ಡು ಸುಡುವುದಿಲ್ಲವಂತೆ. ಒಪ್ಪಿದೆ. ಆದರೆ ಆ ಕೆಲಸಕ್ಕೆ ಎರಡು ಆಂಪಿಯರಿನದೇ ಧಾರಾಳ, ಅರ್ಧ ಬೆಲೆಗೆ ಬರುತ್ತಿತ್ತು.