ಮೂವತ್ತು ಇಂಚು ಕೆಳಗಿನ ಬೆಳಕಿಗೆ ಎಷ್ಟು ಬೆಲೆ?

ಸ್ಯಾನ್ ಹೋಸೆಯ ನಮ್ಮ ಮನೆಯ ಪಡಸಾಲೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, 30 ಇಂಚು ಆಳ. ಕೊಳ್ಳುವಾಗ ಆ ಆಳವೇ ಅದರ ಚಂದ ಅನ್ನಿಸಿತ್ತು. ಆ ಚಂದಕ್ಕೆ ತೆತ್ತ ದುಡ್ಡಿನ ಲೆಕ್ಕವನ್ನು ಈ ವಾರ ನಿಮ್ಮ ಮುಂದೆ ಇಡುತ್ತೇನೆ.

ಹವಳ ಪ್ರಾಣಿ. ಆದರೆ ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಮನೆ ಮಾಡಿಕೊಂಡಿರುತ್ತದೆ. ಬೆಳಕಿನಿಂದ ಪಾಚಿ ಆಹಾರ ತಯಾರಿಸುತ್ತದೆ, ಹವಳ ಅದನ್ನು ಹಂಚಿಕೊಂಡು ಉಣ್ಣುತ್ತದೆ. ಹಾಗಾಗಿ ಲೈಟಿನ ಖರ್ಚನ್ನು ನಾನು ದಿನಸಿ ಖರ್ಚಿನ ಹಾಗೆ ನೋಡುತ್ತೇನೆ. ಮೊದಲ ಸಲ ಹಾಗೆ ನೋಡಲಿಲ್ಲ. ಡಬ್ಬಿಯ ಮೇಲಿನ ವಾಟ್ ಮತ್ತು ಲೂಮೆನ್ ಓದಿ, ತಲಾ 110 ಡಾಲರಿನ ಎರಡು ಎಲ್‌ಇಡಿ ಲೈಟುಗಳನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡೆ.

ಲೂಮೆನ್ ಎನ್ನುವುದು ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆ. ನಮ್ಮ ಕಣ್ಣು ಹಸಿರು ಬೆಳಕನ್ನು, ಅಂದರೆ 555 ನ್ಯಾನೋಮೀಟರ್ ಆಸುಪಾಸಿನದನ್ನು, ಎಲ್ಲಕ್ಕಿಂತ ಚೆನ್ನಾಗಿ ಗ್ರಹಿಸುತ್ತದೆ. ಹವಳದ ಪಾಚಿಗೆ ಮುಖ್ಯವಾಗಿ ಬೇಕಾದದ್ದು 450ರ ಸುತ್ತಲಿನ ನೀಲಿ. ನೀಲಿ ಬೆಳಕು ಎಷ್ಟೇ ಸುರಿದರೂ ಲೂಮೆನ್ ಲೆಕ್ಕಕ್ಕೆ ಅಷ್ಟಾಗಿ ಬರುವುದಿಲ್ಲ. ನೋಡಬೇಕಾದ ಅಳತೆ ‘ಪಾರ್’: 400ರಿಂದ 700 ನ್ಯಾನೋಮೀಟರ್ ಒಳಗಿನ ಬೆಳಕಿನ ಕಣಗಳು ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬ ಎಣಿಕೆ. ಮೆದು ಹವಳಗಳು ಐವತ್ತರಿಂದ ನೂರರಲ್ಲಿ ಸುಖವಾಗಿರುತ್ತವೆ. ಕೊಂಬೆ ಕೊಂಬೆಯಾಗಿ ಬೆಳೆಯುವ ಅಕ್ರೊಪೊರಾದಂಥವಕ್ಕೆ ಇನ್ನೂರು, ಮುನ್ನೂರು ಬೇಕು.

ಎರಡು ತಿಂಗಳಲ್ಲಿ ತಳದ ಟಾರ್ಚ್ ಹವಳಗಳು ಒಳಗೊಳಗೇ ಸೇದಿಕೊಂಡವು. ಬೆರಳಿನಂತೆ ಆಡುತ್ತಿದ್ದ ಎಳೆಗಳು ಗಿಡ್ಡವಾದವು, ಕೊನೆಗೆ ಬಿಳಿ ಎಲುಬಷ್ಟೇ ಉಳಿಯಿತು. ಮೂರಕ್ಕೆ 240 ಡಾಲರ್ ಹೋಯಿತು. ಹಣಕ್ಕಿಂತ ಹೆಚ್ಚಾಗಿ, ನಾನೇ ತಂದು ಸಾಕಿದ ಜೀವ ಹಸಿದು ಸತ್ತಿತೆಂಬ ನೋವು ಬಹಳ ದಿನ ಕಾಡಿತು. ಆಮೇಲೆ ಒಳ್ಳೆಯ ಲೈಟಿನ ಜೋಡಿಯನ್ನು 900 ಡಾಲರಿಗೆ ಸೆಕೆಂಡ್ ಹ್ಯಾಂಡ್ ತಂದೆ. ಅವಸರ ಬಿದ್ದು ಮೊದಲ ದಿನವೇ ಪೂರ್ತಿ ಹಾಕಿದೆ. ವಾರದೊಳಗೆ ಮೇಲಿನ ಬಂಡೆಯ ಹವಳಗಳು ಬಣ್ಣ ಕಳೆದುಕೊಂಡು ಬಿಳಿಚಿದವು. ಇನ್ನೊಂದು 150 ಡಾಲರ್.

ಆಗ ಹವ್ಯಾಸಿಗಳ ಸಂಘದಿಂದ ಪಾರ್ ಮೀಟರನ್ನು ವಾರಕ್ಕೆ 25 ಡಾಲರಿನಂತೆ ಬಾಡಿಗೆಗೆ ತಂದೆ. ಹೊಸದು ಕೊಳ್ಳಲು ನೂರಾರು ಡಾಲರ್ ಬೇಕು, ವರ್ಷಕ್ಕೆರಡು ಸಲ ಬೇಕಾಗುವ ಉಪಕರಣಕ್ಕೆ ಅಷ್ಟು ಹಾಕುವುದು ತರವಲ್ಲ. ಸೆನ್ಸರನ್ನು ಪ್ಲಾಸ್ಟಿಕ್ ಪೈಪಿನ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಮೊಣಕೈವರೆಗೆ ನೀರಿನಲ್ಲಿ ಕೈಯಿಟ್ಟು ನಾನು ಅಂಕಿ ಹೇಳುತ್ತಾ ಹೋದೆ, ನನ್ನಾಕೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಾ ಹೋದಳು. ಹೊಸ ಲೈಟು ಪೂರ್ತಿ ಉರಿದಾಗ ಆರು ಇಂಚಿನಲ್ಲಿ 520, ಇಪ್ಪತ್ತರಲ್ಲಿ 200, ತಳದಲ್ಲಿ 130. ಹಳೆಯದನ್ನು ಮತ್ತೆ ಏರಿಸಿ ನೋಡಿದರೆ ತಳದಲ್ಲಿ ಬರೀ 28. ದೀಪ ಆರಿಸಿದ ಕೋಣೆಯಲ್ಲಿ ಹಿಂದಿನ ಗೋಡೆ ಮಾತ್ರ ನೀಲಿಯಾಗಿ ಬೆಳಗುತ್ತಿತ್ತು. ಆ ಲೈಟಿನ ಲೆನ್ಸ್ 120 ಡಿಗ್ರಿ ಅಗಲದ್ದು. ಇಷ್ಟು ದಿನ ನಾನು ಗೋಡೆಗೆ ಬೆಳಕು ಕೊಂಡಿದ್ದೆ. ಆಳದ ಟ್ಯಾಂಕಿಗೆ ಬೆಳಕನ್ನು ಕೆಳಕ್ಕೆ ಒತ್ತಿ ಕಳಿಸುವ ಕಿರಿದಾದ ಲೆನ್ಸ್ ಬೇಕು.

ಈಗ ನೂರಕ್ಕೆ ಎಪ್ಪತ್ತರಷ್ಟು ಉರಿಸುತ್ತೇನೆ, ತಳಕ್ಕೆ ಸುಮಾರು 90 ಮುಟ್ಟುತ್ತದೆ. ಅಲ್ಲಿಗೂ ಆರು ವಾರ ಹಿಡಿದು, ಸ್ವಲ್ಪ ಸ್ವಲ್ಪವೇ ಏರಿಸಿದೆ. ಮಂಕಾದ ಮೂಲೆಗಳಿಗೆ ಮೂರನೇ ಲೈಟು ತರಲಿಲ್ಲ, ಅಣಬೆ ಹವಳಗಳನ್ನು ಅಲ್ಲಿಗೆ ಸರಿಸಿದೆ. ಅವು ಹರಡಿಕೊಂಡು ಬೆಳೆಯುತ್ತಿವೆ.

ಕರೆಂಟಿನ ಬಾಬತ್ತು ಹೇಳಬೇಕು. ಎರಡೂ ಸೇರಿ ಸುಮಾರು 266 ವಾಟ್, ದಿನಕ್ಕೆ ಹತ್ತು ಗಂಟೆ, ತಿಂಗಳಿಗೆ 80 ಯೂನಿಟ್. ನಮ್ಮ ಬಿಲ್ಲಿನಲ್ಲಿ ಯೂನಿಟ್ಟಿಗೆ 40 ಸೆಂಟ್, ಅಂದರೆ 32 ಡಾಲರ್. ಟ್ಯಾಂಕ್ 20 ಇಂಚಿನದೇ ಆಗಿದ್ದರೆ ಅದೇ 90ಕ್ಕೆ ಲೈಟನ್ನು ನೂರಕ್ಕೆ 45ರಷ್ಟು ಉರಿಸಿದರೆ ಸಾಕಿತ್ತು. ಕೊನೆಯ ಹತ್ತು ಇಂಚಿಗೆ ತಿಂಗಳು ತಿಂಗಳು ಹನ್ನೊಂದು ಡಾಲರ್ ಕಟ್ಟುತ್ತಿದ್ದೇನೆ.

ಸೆಕೆಂಡ್ ಹ್ಯಾಂಡ್ ತರುವವರು ಪ್ರತಿ ಬಣ್ಣವನ್ನೂ ಬೇರೆ ಬೇರೆ ಹೊತ್ತಿಸಿ, ಸತ್ತ ಬಲ್ಬ್ ಇದೆಯೇ ನೋಡಿ. ಫ್ಯಾನಿನ ಸದ್ದು ಕೇಳಿ. ಹಳೆಯ ಟ್ಯೂಬ್ ಲೈಟುಗಳ ಹಾಗೆ ವರ್ಷ ವರ್ಷ ಬದಲಿಸುವ ಕಾಟ ಎಲ್‌ಇಡಿಯಲ್ಲಿ ಇಲ್ಲದ್ದರಿಂದ, ಒಳ್ಳೆಯ ಹಳೆಯ ಲೈಟು ಅಗ್ಗದ ಹೊಸದಕ್ಕಿಂತ ಲಾಭ.

ಊರಿನ ಓದುಗರಲ್ಲಿ ಒಂದು ಮಾತು. ಭಾರತದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಯಾರಾದರೂ ಮಾರುತ್ತೇನೆಂದರೂ ಕೊಳ್ಳಬೇಡಿ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ, ನೀರಿಗಿಳಿದು ಅಲ್ಲೇ ನೋಡಿ ಬನ್ನಿ.

ಇಲ್ಲಿ ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ: 24 ಇಂಚಿಗಿಂತ ಆಳದ ಟ್ಯಾಂಕ್ ಬೇಡ. ಈಗಾಗಲೇ ಮನೆಗೆ ಬಂದಿದ್ದರೆ, ಲೈಟಿಗೆ ಆರ್ಡರ್ ಹಾಕುವ ಮುನ್ನ ಅಂಥದೇ ಆಳದ ಟ್ಯಾಂಕ್ ಇರುವವರ ಮನೆಗೆ ಮೀಟರ್ ಒಯ್ದು, ಅವರ ಲೈಟು ತಳಕ್ಕೆ ಎಷ್ಟು ಮುಟ್ಟಿಸುತ್ತದೆಂದು ಅಳೆದು ಬನ್ನಿ. ನಾನು ಹಾಗೆ ಮಾಡಿದ್ದರೆ 610 ಡಾಲರ್ ಉಳಿಯುತ್ತಿತ್ತು, ಆ ಹವಳಗಳೂ ಉಳಿಯುತ್ತಿದ್ದವು.