ಅಲೆಗೆರೆಯ ಚಾಕು ಕೊಳ್ಳುವವರಿಗೆ

ಅಲಗಿನ ತುಂಬ ಅಲೆ ಅಲೆಯಾಗಿ ಗೆರೆಗಳಿರುವ ಚಾಕುಗಳು ಈಗ ಆನ್‌ಲೈನ್ ಅಂಗಡಿಗಳಲ್ಲಿ ಎಲ್ಲ ಬೆಲೆಗೂ ಸಿಗುತ್ತವೆ. ಪೆಟ್ಟಿಗೆಯ ಮೇಲೆ ‘ಡಮಾಸ್ಕಸ್ ಸ್ಟೀಲ್’, ‘67 ಪದರ’, ‘ಕೈಯಲ್ಲಿ ಬಡಿದು ಮಾಡಿದ್ದು’ ಎಂದೆಲ್ಲ ಬರೆದಿರುತ್ತದೆ. ಹೊಸದಾಗಿ ಈ ಹುಚ್ಚು ಹತ್ತಿಸಿಕೊಂಡವರು ಮೊದಲು ಕೇಳುವುದು ‘ಇದು ಅಸಲಿಯೇ?’ ಎಂದು. ಕೇಳಬೇಕಾದ ಪ್ರಶ್ನೆಯೇ, ಆದರೆ ಅರ್ಧ ಪ್ರಶ್ನೆ. ಗೆರೆ ಅಸಲಿಯಾಗಿದ್ದೂ ಚಾಕು ದಂಡವಾಗಿರಬಹುದು. ಗೆರೆ ನಕಲಿಯಾಗಿದ್ದೂ ಟೊಮೆಟೊ ನೀಟಾಗಿ ಹೆಚ್ಚಬಹುದು. ಆದ್ದರಿಂದ ಗೆರೆಯನ್ನು ಒಂದು ಸಲ, ಚಾಕುವನ್ನು ಇನ್ನೊಂದು ಸಲ ನೋಡಬೇಕು.

ಗೆರೆ ಹುಟ್ಟುವ ಬಗೆ ಮೊದಲು ಗೊತ್ತಿರಲಿ. ಎರಡು ಜಾತಿಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಕುಲುಮೆಯಲ್ಲಿ ಚೆನ್ನಾಗಿ ಕಾಯಿಸಿ, ಬಡಿದು ಒಂದೇ ಗಟ್ಟಿ ಮಾಡುತ್ತಾರೆ. ಅದನ್ನು ಮಡಚಿ ಮತ್ತೆ ಬಡಿದರೆ ಪದರಗಳು ಎರಡರಷ್ಟಾಗುತ್ತವೆ, ಇನ್ನೊಮ್ಮೆ ಮಡಚಿದರೆ ನಾಲ್ಕರಷ್ಟು. ಚಿರೋಟಿ ಮಾಡುವವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ: ಪದರ ಒಳಗೆ ಸುಮ್ಮನೆ ಮಲಗಿರುತ್ತದೆ, ಅಡ್ಡ ಕೊಯ್ದಾಗಲೇ ಕಣ್ಣಿಗೆ ಬೀಳುವುದು. ಉಕ್ಕಿನ ಗಟ್ಟಿಯಲ್ಲೂ ಅಲ್ಲಲ್ಲಿ ಗುಳಿ ಬೀಳಿಸಿ ಅಥವಾ ತಿರುಚಿ, ಮೇಲ್ಮೈಯನ್ನು ಮಟ್ಟಸವಾಗಿ ಉಜ್ಜಿದಾಗ ಪದರಗಳು ಓರೆಯಾಗಿ ಕತ್ತರಿಸಿಕೊಂಡು ಗೆರೆಯಾಗುತ್ತವೆ. ಆಗಲೂ ಅವು ಮಂಕಾಗಿಯೇ ಇರುತ್ತವೆ. ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ ತೆಗೆದರೆ ಒಂದು ಉಕ್ಕು ಕಪ್ಪಾಗುತ್ತದೆ, ಇನ್ನೊಂದು ಬೆಳ್ಳಗೇ ಉಳಿಯುತ್ತದೆ. ಚಾಕು ಮಾಡುವವರು ಹೆಚ್ಚಾಗಿ ಬಳಸುವ ಜೋಡಿ 1095 ಮತ್ತು 15ಎನ್20. ಎರಡನೆಯದರಲ್ಲಿ ಸುಮಾರು 2% ನಿಕಲ್ ಇದೆ, ಬೆಳಗುವುದು ಅದೇ.

ಹಳೆಯ ಕಾಲದ ಡಮಾಸ್ಕಸ್ ಖಡ್ಗಗಳ ಕಥೆ ಬೇರೆ, ಮತ್ತು ಅದರಲ್ಲಿ ನಮ್ಮ ಪಾಲೂ ಇದೆ. ಅಲ್ಲಿ ಪದರ ಜೋಡಿಸುವುದೇ ಇರಲಿಲ್ಲ. ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನೂ ಸೊಪ್ಪು, ಕಟ್ಟಿಗೆಯಂಥ ಇಂಗಾಲದ ವಸ್ತುಗಳನ್ನೂ ಹಾಕಿ, ಬಾಯಿ ಮುಚ್ಚಿ, ಕರಗಿಸಿ ತೆಗೆದ ಒಂದೇ ಉಂಡೆಯ ಉಕ್ಕದು. ಇಂಗಾಲ ಸುಮಾರು 1.5%. ನಿಧಾನವಾಗಿ ಆರುವಾಗ, ಮುಂದೆ ಹದವಾದ ಕಾವಿನಲ್ಲಿ ಬಡಿಯುವಾಗ, ಒಳಗಿನ ಗಟ್ಟಿ ಕಣಗಳು ಸಾಲುಗಟ್ಟಿ ಗೆರೆ ಮೂಡುತ್ತಿತ್ತು. ಇಂಥ ಮೂಸೆಗಳ ಚೂರು ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಸಿಕ್ಕಿವೆ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ಕಂಡು ಬರೆದಿಟ್ಟಿದ್ದಾನೆ. ಮೈಕೆಲ್ ಫ್ಯಾರಡೆಯಂಥವನೂ ಈ ಉಕ್ಕಿನ ಗುಟ್ಟು ಬಿಡಿಸಲು ಹೆಣಗಿದ್ದ. ಈಗ ಅಗ್ಗಕ್ಕೆ ಮಾರುವ ಚಾಕುಗಳಿಗೂ ಆ ಉಕ್ಕಿಗೂ ಹೆಸರಿನ ನಂಟು ಬಿಟ್ಟರೆ ಏನೂ ಇಲ್ಲ. ಜಾಹೀರಾತಿನಲ್ಲಿ ‘ಕಳೆದುಹೋದ ಪ್ರಾಚೀನ ರಹಸ್ಯ’ ಎಂಬ ಮಾತು ಕಂಡರೆ ಮುಗುಳ್ನಕ್ಕು ಮುಂದೆ ಓದಿ.

ಮಾರುಕಟ್ಟೆಯಲ್ಲಿರುವ ಅಗ್ಗದ ಸರಕಿನಲ್ಲಿ ಎರಡು ಮನೆತನಗಳಿವೆ. ಒಂದು, ಅಡುಗೆಮನೆಯ ಚಾಕು. ಇದರಲ್ಲಿ ಬಹುಪಾಲು ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ಯಾಂಗ್‌ಜಿಯಾಂಗ್‌ನಿಂದ ಬರುತ್ತದೆ. ಅಲ್ಲಿ ಚಾಕು, ಕತ್ತರಿಗಳೇ ಊರಿನ ಕಸುಬು. ಇವುಗಳ ನಡುವೆ ಗಟ್ಟಿ ಉಕ್ಕಿನ ಒಂದೇ ಹಾಳೆ, ಅದರ ಎರಡೂ ಮಗ್ಗುಲಿಗೆ ಮೆತ್ತನೆಯ ಪದರಗಳ ಹೊದಿಕೆ. 67 ಎಂಬ ಸಂಖ್ಯೆ ಬಂದದ್ದು ಹೀಗೆ: ಆ ಕಡೆ 33, ಈ ಕಡೆ 33, ನಡುವೆ 1. ಹಾಳೆ ಕಾರ್ಖಾನೆಯ ರೋಲರ್‌ಗಳ ನಡುವೆ ಹಾದು ತಯಾರಾಗಿ ಬರುತ್ತದೆ, ಅದನ್ನು ಚಾಕುವಿನ ಆಕಾರಕ್ಕೆ ಕತ್ತರಿಸಿ ಸಾಣೆ ಹಿಡಿಯುತ್ತಾರೆ. ಹಾಗಾಗಿ ಅಗ್ಗದ 67 ಪದರದ ಚಾಕುವಿಗೆ ‘ಕೈಯಲ್ಲಿ ಬಡಿದದ್ದು’ ಎಂಬ ಬಿರುದು ಸಾಮಾನ್ಯವಾಗಿ ಒಪ್ಪುವುದಿಲ್ಲ. ಎರಡನೆಯ ಮನೆತನ ದಪ್ಪ ಬೆನ್ನಿನ ಬೇಟೆ ಚಾಕುಗಳದು. ಅಮೆರಿಕ, ಇಂಗ್ಲೆಂಡಿನಲ್ಲಿರುವ ನಮ್ಮವರು ಆನ್‌ಲೈನಿನಲ್ಲಿ ಕಾಣುವ ಇಂಥ ಅಗ್ಗದ ಚಾಕುಗಳಲ್ಲಿ ಹೆಚ್ಚಿನವು ಪಾಕಿಸ್ತಾನದ ಪಂಜಾಬಿನ ವಜೀರಾಬಾದ್ ಸುತ್ತಮುತ್ತಲಿನವು. ಇವು ನಿಜಕ್ಕೂ ಕುಲುಮೆಯಿಂದಲೇ ಬರುತ್ತವೆ. ಇಲ್ಲಿ ನಡುಪದರ ಎಂಬುದು ಇರುವುದಿಲ್ಲ, ಗೆರೆ ಬಾಯಿಯವರೆಗೂ ಇಳಿದಿರುತ್ತದೆ. ಈ ಎರಡು ಬಗೆಯನ್ನು ಒಂದೇ ಅಳತೆಗೋಲಿನಲ್ಲಿ ಅಳೆಯಬಾರದು.

ಈಗ ಗೆರೆಯ ಪರೀಕ್ಷೆ. ಸಾವಿರ ರೂಪಾಯಿಯೊಳಗೆ ‘67 ಪದರ’ ಕೊಡುತ್ತೇವೆಂದರೆ ಗೆರೆ ಲೇಸರಿನಿಂದ ಸುಟ್ಟು ಬರೆದದ್ದೋ, ಅಚ್ಚು ಹಾಕಿ ಆಮ್ಲದಲ್ಲಿ ತಿನ್ನಿಸಿದ್ದೋ ಇರಬಹುದು ಎಂದುಕೊಂಡೇ ಶುರುಮಾಡಿ. ಚಾಕುವನ್ನು ಬೆಳಕಿಗೆ ಓರೆಯಾಗಿ ಹಿಡಿದು ಒಂದು ಮಗ್ಗುಲು ನೋಡಿ, ತಿರುಗಿಸಿ ಇನ್ನೊಂದು ನೋಡಿ. ಎರಡೂ ಕಡೆ ಕನ್ನಡಿ ಹಿಡಿದಂತೆ ಒಂದೇ ಚಿತ್ರವಿದ್ದರೆ, ಅಥವಾ ಅದೇ ಸುರುಳಿ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬಂದರೆ, ಅದು ಯಂತ್ರ ಬರೆದ ಚಿತ್ರವಿರಬಹುದು. ಆಮೇಲೆ ಅಲಗು ಓರೆಯಾಗಿ ತೆಳುವಾಗತೊಡಗುವ ಜಾಗ ನೋಡಿ. ನಿಜವಾದ ಪದರಗಳನ್ನು ಅಲ್ಲಿ ಸಾಣೆ ಬೇರೆ ಕೋನದಲ್ಲಿ ಕತ್ತರಿಸಿರುತ್ತದೆ, ಆದ್ದರಿಂದ ಗೆರೆಗಳ ಅಗಲ, ಓಟ ಎರಡೂ ಬದಲಾಗಬೇಕು. ಬರೆದ ಗೆರೆ ಏನೂ ಆಗಿಲ್ಲವೆಂಬಂತೆ ಆ ಮೂಲೆಯನ್ನು ದಾಟಿಬಿಡುತ್ತದೆ. ಹೊದಿಕೆಯ ಚಾಕುವಾದರೆ ಬಾಯಿಯ ಹತ್ತಿರ ಒಂದು ಅಂಕುಡೊಂಕು ಗಡಿ ಕಾಣಬೇಕು. ಅದರ ಕೆಳಗೆ ಗೆರೆಯಿಲ್ಲದ ಬರಿ ಉಕ್ಕು, ಅದೇ ನಡುಪದರ. ಗೆರೆ ಬಾಯಿಯ ತುದಿವರೆಗೂ ಬಂದಿದೆ, ಪೆಟ್ಟಿಗೆ ಮಾತ್ರ ನಡುವೆ ವಿಜಿ-10 ಉಕ್ಕಿದೆ ಎನ್ನುತ್ತದೆ ಎಂದಾದರೆ ಎರಡರಲ್ಲಿ ಒಂದು ಸುಳ್ಳು.

ಇನ್ನೂ ಗಟ್ಟಿ ಸಾಕ್ಷಿ ಬೆನ್ನಿನಲ್ಲಿದೆ. ಫೋನಿನ ಕ್ಯಾಮೆರಾವನ್ನು ಹಿಗ್ಗಿಸಿ ಅಲಗಿನ ಬೆನ್ನನ್ನೂ ಹಿಡಿಯ ಬಳಿಯ ಹಿಮ್ಮಡಿಯನ್ನೂ ನೋಡಿ. ಪದರಗಳ ತುದಿಗಳು ಕೂದಲೆಳೆಯಷ್ಟು ಸಣ್ಣ ಸಮಾನಾಂತರ ಗೆರೆಗಳಾಗಿ ಕಾಣಬೇಕು, ನಡುಪದರ ಸ್ವಲ್ಪ ಅಗಲವಾದ ಪಟ್ಟಿಯಾಗಿ. ಬೆನ್ನಿಗೆ ಪಾಲಿಶ್ ಜಾಸ್ತಿ ಹೊಡೆದಿದ್ದರೆ ಕಾಣದಿರಬಹುದು, ಅಷ್ಟಕ್ಕೇ ತೀರ್ಪು ಕೊಡಬೇಡಿ. ಕೊನೆಯ ಮಾತು ಹೇಳುವುದು ಎಮರಿ ಪೇಪರ್. ಹಿಮ್ಮಡಿಯ ಹತ್ತಿರ ಉಗುರಿನಷ್ಟು ಜಾಗವನ್ನು ಗೆರೆ ಪೂರ್ತಿ ಅಳಿಯುವವರೆಗೆ ಉಜ್ಜಿ, ಸೋಪಿನಲ್ಲಿ ತೊಳೆದು, ಅಲ್ಲಿಗೆ ಒಂದು ಹನಿ ಫೆರಿಕ್ ಕ್ಲೋರೈಡ್ ಬಿಡಿ. ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು ಸರ್ಕ್ಯೂಟ್ ಬೋರ್ಡ್ ಮಾಡಲು ಬಳಸುವುದೂ ಇದನ್ನೇ, ಆ ಸಾಮಾನು ಮಾರುವ ಕಡೆ ಕೇಳಿದರೆ ಕೊಡುತ್ತಾರೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ. ಕೆಲವು ನಿಮಿಷದಲ್ಲಿ ಗೆರೆ ಮತ್ತೆ ಎದ್ದರೆ ಪದರ ನಿಜ. ಜಾಗ ಬರೀ ಬೂದು ಬಣ್ಣಕ್ಕೆ ತಿರುಗಿದರೆ ಇದ್ದದ್ದು ಚಿತ್ರ ಮಾತ್ರ. ಬಳಸುತ್ತಾ ಬಳಸುತ್ತಾ ಗೆರೆ ಮಾಸಿತೆಂದು ಅಂಗಡಿಯವನನ್ನು ಬೈಯುವವರಿದ್ದಾರೆ. ಅದು ತಪ್ಪು. ಅಸಲಿ ಗೆರೆಯೂ ಉಜ್ಜಿದರೆ ಮಾಸುತ್ತದೆ. ಮಾಸಿದ್ದು ಮತ್ತೆ ಏಳುತ್ತದೋ ಇಲ್ಲವೋ ಎಂಬುದಷ್ಟೇ ಪರೀಕ್ಷೆ.

ಇಷ್ಟಾದ ಮೇಲೆ ಗೆರೆಯನ್ನು ಮರೆತುಬಿಡಿ. ಈರುಳ್ಳಿ ಹೆಚ್ಚುವುದು ಬಾಯಿಯ ಉಕ್ಕು, ಅದಕ್ಕೆ ಕೊಟ್ಟ ಹದ ಮತ್ತು ಅಲಗಿನ ತೆಳುವು. ಹೊದಿಕೆಯ ಚಾಕುವಿನಲ್ಲಿ 66 ಪದರಗಳು ಬಾಯಿಯನ್ನು ಮುಟ್ಟುವುದೂ ಇಲ್ಲ. ‘ಡಮಾಸ್ಕಸ್’ ಎಂಬುದು ಉಕ್ಕಿನ ಜಾತಿಯ ಹೆಸರಲ್ಲ, ಹಾಗಾಗಿ ನಡುಪದರ ಯಾವುದೆಂದು ಕೇಳಬೇಕು. ವಿಜಿ-10 ಜಪಾನಿನ ಫುಕುಯಿ ಪ್ರಾಂತದ ಟಕೆಫು ಕಂಪನಿಯದು. ಚೀನಾದಲ್ಲಿ ಅದೇ ಬಗೆಯ ಉಕ್ಕಿಗೆ ‘10ಸಿಆರ್15’ ಎಂದು ಶುರುವಾಗುವ ಉದ್ದ ಹೆಸರಿದೆ, ಅದನ್ನು ನೇರವಾಗಿ ಬರೆದಿರುವ ಮಾರಾಟಗಾರನನ್ನು ನಾನು ಹೆಚ್ಚು ನಂಬುತ್ತೇನೆ. ಉಕ್ಕಿನ ಹೆಸರನ್ನೇ ಹೇಳದೆ ‘ಹೈ ಕಾರ್ಬನ್’ ಎಂದಷ್ಟೇ ಬರೆದವನನ್ನು ನಂಬಲು ನನಗೆ ಕಾರಣ ಸಿಗುವುದಿಲ್ಲ. ವಜೀರಾಬಾದ್ ಬಗೆಯ ಚಾಕುವಿನಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯ. ಅಲ್ಲಿ ಬಾಯಿಯಲ್ಲೇ ಎರಡೂ ಉಕ್ಕುಗಳಿವೆ. 1095, 15ಎನ್20 ಎರಡೂ ಹದಕ್ಕೆ ಗಟ್ಟಿಯಾಗುವಂಥವು. ಬಣ್ಣ ಎದ್ದು ಕಾಣಲೆಂದು ಒಂದರ ಬದಲು ಮೆತು ಕಬ್ಬಿಣ ಸೇರಿಸಿದ್ದರೆ ಬಾಯಿ ಒಂದು ಕಡೆ ಗಟ್ಟಿ, ಪಕ್ಕದಲ್ಲೇ ಮೆತ್ತಗೆ.

ಹದ ಎಂದರೆ ಏನೆಂದು ಕುಡುಗೋಲು ಮಾಡಿಸಿದ ಯಾವ ರೈತನೂ ಬಲ್ಲ. 1095ನಂಥ ಉಕ್ಕನ್ನು 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ ತಟ್ಟನೆ ಎಣ್ಣೆಯಲ್ಲಿ ಅದ್ದಿದರೆ ಗಾಜಿನಷ್ಟು ಪೆಡಸಾಗುತ್ತದೆ. ಮತ್ತೆ 200 ಡಿಗ್ರಿಯ ಹತ್ತಿರ ಸ್ವಲ್ಪ ಹೊತ್ತು ಕಾಯಿಸಿದರೆ ಗಡಸು ಕೊಂಚ ಇಳಿದು ತಾಳಿಕೆ ಬರುತ್ತದೆ. ಈ ಗಡಸನ್ನು ರಾಕ್‌ವೆಲ್ ಅಳತೆಯಲ್ಲಿ ಹೇಳುತ್ತಾರೆ. ವಿಜಿ-10ಕ್ಕೆ 60ರ ಆಸುಪಾಸು ಒಳ್ಳೆಯದು, ಜರ್ಮನ್ ಶೈಲಿಯ ಸಾದಾ ಅಡುಗೆ ಚಾಕುಗಳು 55ರಿಂದ 58ರಲ್ಲಿರುತ್ತವೆ. ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆಯನ್ನು ಅಳೆಯುವ ಯಂತ್ರ ನಮ್ಮಲ್ಲಿಲ್ಲ, ಆದರೆ ಒಂದು ಹೊಸ ಅರ ಇದ್ದರೆ ಸಾಕು. ಒಳ್ಳೆಯ ಅರದ ಉಕ್ಕು ಚಾಕುವಿಗಿಂತ ಒಂದಿಷ್ಟು ಗಡಸು. ಮೆತ್ತನೆಯ ಲೋಹದಲ್ಲಿ ಅದು ಕಚ್ಚಿ ಪುಡಿ ಉದುರಿಸುತ್ತದೆ, ಹದ ಕೂತ ಲೋಹದ ಮೇಲೆ ಬಹುತೇಕ ಜಾರುತ್ತದೆ. ಹೊಸಬರು ಇಲ್ಲಿ ಮಾಡುವ ಎಡವಟ್ಟೆಂದರೆ ಬೆನ್ನಿನ ಮೇಲೋ ಮಗ್ಗುಲಲ್ಲೋ ಉಜ್ಜಿ ನೋಡುವುದು. ಹೊದಿಕೆ ಮೆತ್ತಗಿರಲೆಂದೇ ಮಾಡಿದ್ದು, ಅದನ್ನು ಅರ ಕಚ್ಚಿದರೆ ತಪ್ಪೇನಿಲ್ಲ. ಪರೀಕ್ಷೆ ನಡೆಯಬೇಕಾದದ್ದು ಹಿಮ್ಮಡಿಯ ಕೆಳಮೂಲೆಯಲ್ಲಿ, ನಡುಪದರ ಬಯಲಾಗಿರುವ ಕಡೆ.

ಕಾಗದ ಸರ್ರನೆ ಸೀಳುವ ವಿಡಿಯೊ ನೋಡಿ ಮರುಳಾಗಬೇಡಿ. ಅದು ನಿನ್ನೆ ಹಿಡಿದ ಸಾಣೆಯ ಗುಣ, ಉಕ್ಕಿನದಲ್ಲ. ಉಕ್ಕಿನ ಗುಣ ಒಂದೆರಡು ವಾರ ಅಡುಗೆಮನೆಯಲ್ಲಿ ದುಡಿದ ಮೇಲೆ ತಿಳಿಯುತ್ತದೆ. ಬಾಯಿ ಒಂದು ಕಡೆಗೆ ಮಡಚಿಕೊಂಡು ಬೆಳಕಿನಲ್ಲಿ ಮಿನುಗಿದರೆ ಹದ ಕಡಿಮೆ, ಸಣ್ಣ ಸಣ್ಣ ಹಲ್ಲು ಮುರಿದಂತಿದ್ದರೆ ಪೆಡಸು ಹೆಚ್ಚು. ಆದರೂ ಮೊದಲ ಸಲವೇ ಎಸೆಯಬೇಡಿ. ಕಾರ್ಖಾನೆಯಲ್ಲಿ ಅವಸರದ ಸಾಣೆಗೆ ತೆಳು ಅಂಚು ಕಾದು ಕೆಟ್ಟಿರುವುದುಂಟು. 1000 ನಂಬರಿನ ನೀರುಸಾಣೆಕಲ್ಲಿನಲ್ಲಿ ಎರಡು ಸಲ ಮಸೆದು ಆ ಕೆಟ್ಟ ಭಾಗ ಹೋದ ಮೇಲೆ ಅದೇ ಚಾಕು ಸರಿಹೋಗಬಹುದು. ಬೀದಿಯಲ್ಲಿ ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಬರುವವರ ಬಳಿ ಮಾತ್ರ ಈ ಚಾಕು ಕೊಡಬೇಡಿ. ಒಣ ಚಕ್ರದಲ್ಲಿ ಕಿಡಿ ಹಾರಿ ಅಂಚು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಸುಮಾರು 300 ಡಿಗ್ರಿ ಮುಟ್ಟಿದೆ, ಹದ ಹೋಯಿತು.

ತೆಳುವನ್ನು ಕ್ಯಾರೆಟ್‌ನಲ್ಲಿ ನೋಡಿ. ಅಲಗು ಇಳಿಯುವಾಗ ಕ್ಯಾರೆಟ್ ಕಟ್ಟನೆ ಸೀಳಿದರೆ ಬಾಯಿಯ ಮೇಲ್ಭಾಗ ದಪ್ಪ, ಸದ್ದಿಲ್ಲದೆ ಇಳಿದರೆ ಸರಿ. ನಾಲ್ಕೈದು ಮಿಲಿಮೀಟರ್ ಬೆನ್ನಿನ ಬೇಟೆ ಚಾಕುವಿನಿಂದ ಬೀನ್ಸ್ ಹೆಚ್ಚಲು ಹೊರಟರೆ ಅದರ ತಪ್ಪೇನೂ ಇಲ್ಲ. ಬೆನ್ನಿನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ, ಸೊಟ್ಟಗಿದ್ದರೆ ಅದು ಸುಲಭಕ್ಕೆ ರಿಪೇರಿಯಾಗದ ದೋಷ. ಪದರದ ಚಾಕುಗಳಲ್ಲಿ ಇನ್ನೊಂದು ರೋಗವಿದೆ: ಬಡಿಯುವಾಗ ಪದರಗಳು ಪೂರ್ತಿ ಬೆಸೆಯದೆ ಒಳಗೆ ಬಿರುಕು ಉಳಿಯುವುದು. ಅನುಮಾನದ ಕಪ್ಪು ಗೆರೆಗೆ ಹೊಲಿಗೆ ಮಷೀನಿನ ಎಣ್ಣೆ ಸವರಿ, ಪೂರ್ತಿ ಒರೆಸಿ, ಸ್ವಲ್ಪ ಹೊತ್ತು ಬಿಡಿ. ಗೆರೆಯುದ್ದಕ್ಕೆ ಎಣ್ಣೆ ಮತ್ತೆ ಜಿನುಗಿದರೆ ಅದು ಬಿರುಕು. ಅಂಥ ಚಾಕು ಬೇಡ.

ಹಿಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲಗಿನ ಉಕ್ಕು ಹಿಡಿಯೊಳಗೆ ತುದಿಯವರೆಗೆ ಹೋಗಿರಬೇಕು, ಮರಕ್ಕೂ ಉಕ್ಕಿಗೂ ನಡುವೆ ಉಗುರು ಸಿಕ್ಕುವ ಸಂದು ಇರಬಾರದು. ಸಂದಿಗೆ ಮರದ ಪುಡಿ ಕಲಸಿದ ಅಂಟು ಮೆತ್ತಿದ್ದರೆ ಒಳಗೆ ನೀರು ಕೂತು ತುಕ್ಕು ಹಿಡಿಯುತ್ತದೆ.

ಬಳಕೆಯಲ್ಲೂ ಒಂದು ಎಚ್ಚರ ಬೇಕು. 60ರ ಗಡಸಿನ ತೆಳು ಬಾಯಿ ತೆಂಗಿನಕಾಯಿಗಾಗಲಿ ಕೋಳಿಯ ಮೂಳೆಗಾಗಲಿ ಮಾಡಿದ್ದಲ್ಲ, ಆ ಕೆಲಸಕ್ಕೆ ಮಚ್ಚು ಇದೆ. ಗ್ರಾನೈಟ್ ಕಟ್ಟೆಯ ಮೇಲೆಯೇ ತರಕಾರಿ ಹೆಚ್ಚುವ ಅಭ್ಯಾಸವಿದ್ದರೆ ಮೊದಲು ಒಂದು ಮರದ ಹಲಗೆ ಕೊಳ್ಳಿ, ಚಾಕು ಆಮೇಲೆ.

ಆನ್‌ಲೈನಿನಲ್ಲಿ ತರಿಸಿದ್ದರೆ ವಾಪಸ್ ಕಳಿಸುವ ಅವಧಿ ನೆನಪಿಟ್ಟುಕೊಂಡು ಪರೀಕ್ಷೆಯ ಸರದಿ ಹಾಕಿಕೊಳ್ಳಿ. ಎರಡೂ ಮಗ್ಗುಲು ಹೋಲಿಸುವುದು, ಬೆನ್ನು ನೋಡುವುದು, ಸೊಟ್ಟ ಹುಡುಕುವುದು, ಎಣ್ಣೆ ಸವರುವುದು ಇವೆಲ್ಲ ಗುರುತು ಉಳಿಸುವುದಿಲ್ಲ, ಪೆಟ್ಟಿಗೆ ಬಿಚ್ಚಿದ ದಿನವೇ ಮಾಡಿ. ಬೆನ್ನಿನಲ್ಲಿ ಪದರ ಕಾಣದಿದ್ದರೆ ಮಾರಾಟಗಾರನಿಗೆ ಬರೆದು ನಡುಪದರದ ಉಕ್ಕಿನ ಹೆಸರು ಕೇಳಿ. ಉತ್ತರ ಬಾರದಿದ್ದರೆ ಅಲ್ಲಿಗೇ ಕಟ್ಟಿ ಕಳಿಸಿಬಿಡಿ. ಅರ, ಎಮರಿ ಪೇಪರ್, ಫೆರಿಕ್ ಕ್ಲೋರೈಡ್ ಮುಟ್ಟುವುದು ಚಾಕುವನ್ನು ಇಟ್ಟುಕೊಳ್ಳುವುದೇ ಸೈ ಎಂದು ನಿಶ್ಚಯವಾದ ಮೇಲೆ.