ಕಾಲೇಜಿನ ಸಮಾರಂಭವೂ ಮದ್ಯದ ಅನುಮತಿಯೂ

ಮಗನೋ ಮಗಳೋ ಪದವಿಪೂರ್ವ ತರಗತಿಯನ್ನು ಮುಗಿಸಿ ಪಟ್ಟಣದ ಸರ್ಕಾರಿ ಕಾಲೇಜಿಗೆ ಸೇರಿದಾಗ ತಂದೆತಾಯಿಗಳ ಚಿಂತೆಯೆಲ್ಲ ಶುಲ್ಕ, ವಿದ್ಯಾರ್ಥಿನಿಲಯ, ಊಟ, ಬಸ್ಸು ಇವುಗಳ ಸುತ್ತಲೇ ಇರುತ್ತದೆ. ಅದು ಸಹಜವೇ. ಆದರೆ ಕಾಲೇಜಿನ ವರ್ಷದಲ್ಲಿ ಪಾಠವಿಲ್ಲದ ದಿನಗಳೂ ಕೆಲವು ಇರುತ್ತವೆ: ವಾರ್ಷಿಕೋತ್ಸವ, ಅಂತಿಮ ವರ್ಷದವರ ಬೀಳ್ಕೊಡುಗೆ, ಹಳೆಯ ವಿದ್ಯಾರ್ಥಿಗಳ ಸಮಾವೇಶ, ಪಂದ್ಯಾವಳಿ ಗೆದ್ದ ಸಂಜೆ. ಅದುವರೆಗೆ ಮದ್ಯವನ್ನು ಮುಟ್ಟದ ಯುವಕನು ಮೊದಲ ಗುಟುಕನ್ನು ಕುಡಿಯುವುದು ಇಂತಹ ದಿನಗಳಲ್ಲಿಯೇ ಆಗಬಹುದು. "ಇವತ್ತೊಂದು ದಿನ ತಾನೆ" ಎಂದು ಗೆಳೆಯರು ಒತ್ತಾಯಿಸುವರು. ಅವನೂ ಹಾಗೆಯೇ ತನಗೆ ತಾನು ಹೇಳಿಕೊಳ್ಳುವನು. ಆ ಒಂದು ದಿನದ ಅನುಮತಿಯನ್ನು ಯಾರು ಕೊಡಬೇಕು, ಯಾವ ಕಟ್ಟುಪಾಡಿನ ಮೇಲೆ ಕೊಡಬೇಕು, ಕೊಡಲೇಬಾರದೇ ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ನಮ್ಮ ರಾಜ್ಯದಲ್ಲಿ ಕಾನೂನು

ರಾಜ್ಯದ ಅಬಕಾರಿ ಸನ್ನದುಗಳಿಗೆ ಸಂಬಂಧಿಸಿದ 1967ರ ನಿಯಮಗಳ ಪ್ರಕಾರ ಶಿಕ್ಷಣ ಸಂಸ್ಥೆಯಿಂದ 100 ಮೀಟರ್ ದೂರದೊಳಗೆ ಸಾಮಾನ್ಯವಾಗಿ ಮದ್ಯದ ಅಂಗಡಿಗೆ ಸನ್ನದು ಕೊಡತಕ್ಕದ್ದಲ್ಲ. ಔತಣಕೂಟ ಮುಂತಾದ ಸಂದರ್ಭಗಳಿಗೆಂದು ಸಿ.ಎಲ್. 5 ಎಂಬ ಸಾಂದರ್ಭಿಕ ಸನ್ನದು ಬೇರೆಯಾಗಿ ಉಂಟು. ವಯಸ್ಸಿನ ವಿಷಯದಲ್ಲಿ ಮಾತ್ರ ಸ್ವಲ್ಪ ಗೊಂದಲವಿದೆ. 1965ರ ಅಬಕಾರಿ ಅಧಿನಿಯಮವು ಹದಿನೆಂಟು ವರ್ಷವೆನ್ನುತ್ತದೆ. 1967ರ ನಿಯಮಗಳು ಇಪ್ಪತ್ತೊಂದು ವರ್ಷ ತುಂಬದವರಿಗೆ ಮಾರಕೂಡದೆನ್ನುತ್ತವೆ. ಈ ಎರಡನ್ನೂ ಸರಿಹೊಂದಿಸಲು ಇಪ್ಪತ್ತೊಂದನ್ನು ಹದಿನೆಂಟಕ್ಕೆ ಇಳಿಸುವ ಕರಡನ್ನು ಸರ್ಕಾರವು ಜನವರಿ 2023ರಲ್ಲಿ ಪ್ರಕಟಿಸಿತು. ಸಾರ್ವಜನಿಕರಿಂದ ಆಕ್ಷೇಪಣೆಗಳು ಬಂದುದರಿಂದ ಅದೇ ತಿಂಗಳಲ್ಲಿ ಕರಡನ್ನು ಹಿಂದಕ್ಕೆ ಪಡೆಯಲಾಯಿತು. ಪದವಿ ತರಗತಿಯಲ್ಲಿ ಓದುವವರು ಬಹುಮಟ್ಟಿಗೆ ಹದಿನೆಂಟರಿಂದ ಇಪ್ಪತ್ತೊಂದರ ನಡುವಿನವರು. ಆದುದರಿಂದ ಈ ಮೂರು ವರ್ಷಗಳ ಅಂತರವು ಕೇವಲ ಕಾಗದದ ಮೇಲಿನ ಸಂಖ್ಯೆಯಲ್ಲ. ನಿಮ್ಮ ಮನೆಯಿಂದ ಕಾಲೇಜಿಗೆ ಹೋಗುವ ಮಗುವಿನ ವಯಸ್ಸೇ ಅದು.

ಅಮೆರಿಕದ ಅನುಭವ

ಸರ್ಕಾರಿ ಕಾಲೇಜಿನ ಆವರಣದಲ್ಲಿ ವಿಶೇಷ ಸಮಾರಂಭಕ್ಕೆಂದು ಮದ್ಯಕ್ಕೆ ಎಡೆಗೊಡಬಹುದೇ ಎಂಬ ಪ್ರಶ್ನೆಯನ್ನು ಬಹಿರಂಗವಾಗಿ ಚರ್ಚಿಸಿ, ಕಟ್ಟುಪಾಡುಗಳನ್ನು ಬರವಣಿಗೆಯಲ್ಲಿಯೇ ಇಟ್ಟಿರುವ ದೇಶ ಅಮೆರಿಕ. ಅಲ್ಲಿಯ ನಡೆನುಡಿ ನಮ್ಮದಲ್ಲ, ನಿಜ. ಆದರೂ ಅವರು ಪಟ್ಟ ಪಾಡಿನಿಂದ ಕಲಿಯತಕ್ಕ ಸಂಗತಿಗಳಿವೆ.

1971ರಲ್ಲಿ ಅಲ್ಲಿ ಮತದಾನದ ವಯಸ್ಸು ಹದಿನೆಂಟಕ್ಕೆ ಇಳಿಯಿತು. ಮತ ಹಾಕಬಲ್ಲವನು ಕುಡಿಯಬಾರದೇಕೆ ಎಂಬ ವಾದವು ಎದ್ದು, ಆ ದಶಕದಲ್ಲಿ ಅನೇಕ ರಾಜ್ಯಗಳು ಕುಡಿತದ ವಯಸ್ಸನ್ನೂ ಇಳಿಸಿದವು. ಇಳಿಸಿದ ಕಡೆಗಳಲ್ಲಿ ಯುವಕರ ವಾಹನ ಅಪಘಾತಗಳು ಹೆಚ್ಚಿದುವೆಂದು ಕಂಡುಬಂದಿತು. 1984ರಲ್ಲಿ ಕೇಂದ್ರ ಸರ್ಕಾರವು ಒಂದು ಶಾಸನವನ್ನು ತಂದು, ಇಪ್ಪತ್ತೊಂದಕ್ಕೆ ಏರಿಸದ ರಾಜ್ಯಗಳಿಗೆ ಹೆದ್ದಾರಿಯ ಅನುದಾನದಲ್ಲಿ ಕಡಿತ ಮಾಡುವುದಾಗಿ ತಿಳಿಸಿತು. 1988ರ ವೇಳೆಗೆ ಎಲ್ಲ ರಾಜ್ಯಗಳೂ ಒಪ್ಪಿದವು. ಮರುವರ್ಷ, 1989ರಲ್ಲಿ, ಕೇಂದ್ರದ ಹಣವನ್ನು ಪಡೆಯುವ ಪ್ರತಿಯೊಂದು ಕಾಲೇಜೂ ಮದ್ಯ ಮತ್ತು ಮಾದಕವಸ್ತುಗಳ ಕುರಿತಾದ ತನ್ನ ನಿಯಮವನ್ನು, ಮೀರಿದರೆ ಆಗುವ ಶಿಕ್ಷೆಯನ್ನು, ಆರೋಗ್ಯಕ್ಕೆ ಒದಗುವ ಅಪಾಯವನ್ನು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳಿಗೆ ಬರೆದು ತಿಳಿಸಬೇಕೆಂಬ ಶಾಸನವಾಯಿತು. ಇಷ್ಟಾದರೂ ಎಲ್ಲರೂ ಸಮಾಧಾನ ಹೊಂದಲಿಲ್ಲ. ನಿಷೇಧದಿಂದ ಕುಡಿತವು ಮುಚ್ಚಿದ ಕೋಣೆಗಳಿಗೆ ಸೇರಿ ಮತ್ತಷ್ಟು ಅಪಾಯಕಾರಿಯಾಗಿದೆ, ಆದುದರಿಂದ ಇಪ್ಪತ್ತೊಂದರ ನಿಯಮವನ್ನು ಮರಳಿ ಚರ್ಚಿಸಬೇಕೆಂದು 2008ರಲ್ಲಿ ನೂರಕ್ಕೂ ಹೆಚ್ಚು ಕಾಲೇಜುಗಳ ಮುಖ್ಯಸ್ಥರು ಸಹಿ ಹಾಕಿದರು. ಶಾಸನವೇನೋ ಬದಲಾಗಲಿಲ್ಲ.

ಪಶ್ಚಿಮ ವರ್ಜೀನಿಯಾ ವಿಶ್ವವಿದ್ಯಾಲಯದ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಅದು ಸರ್ಕಾರಿ ಸಂಸ್ಥೆ. ಅಲ್ಲಿಯ ಫುಟ್‌ಬಾಲ್ ಪಂದ್ಯವೆಂದರೆ ನಮ್ಮ ದೊಡ್ಡ ಜಾತ್ರೆಯಷ್ಟು ಜನ. ಕ್ರೀಡಾಂಗಣದಲ್ಲಿ ಪ್ರೇಕ್ಷಕರಿಗೆ ಬಿಯರ್ ಮಾರುತ್ತಿರಲಿಲ್ಲ. ಆದರೆ ಆಟದ ಮಧ್ಯದ ವಿರಾಮದಲ್ಲಿ ಜನರು ಹೊರಗೆ ಹೋಗಿ, ವಾಹನ ನಿಲ್ಲಿಸಿದ ಬಯಲಿನಲ್ಲಿ ಗಡಿಬಿಡಿಯಿಂದ ಕುಡಿದು, ಮರಳಿ ಒಳಗೆ ಬರಬಹುದಾಗಿತ್ತು. 2011ರಲ್ಲಿ ಆಡಳಿತವು ಒಳಗಡೆ ಬಿಯರ್ ಮಾರಲು ತೊಡಗಿತು. ಅದರ ಜೊತೆಗೇ ಹೊರಗೆ ಹೋದವರು ಮತ್ತೆ ಒಳಬರುವುದನ್ನು ನಿಲ್ಲಿಸಿತು. ಪಂದ್ಯದ ದಿನಗಳಲ್ಲಿ ಪೊಲೀಸರ ಮುಂದೆ ಬರುವ ಪ್ರಕರಣಗಳು ಕಡಿಮೆಯಾದವು. ಮದ್ಯವನ್ನು ಮಾರಿದ್ದರಿಂದ ಶಾಂತಿ ನೆಲೆಸಿತೆಂದು ಕೆಲವರು ಇದಕ್ಕೆ ಅರ್ಥ ಹೇಳುವುದುಂಟು. ಅದು ಅವಸರದ ಅರ್ಥ. ಲೆಕ್ಕವಿಲ್ಲದೆ, ಯಾರ ಕಣ್ಣಿಗೂ ಬೀಳದೆ, ಹತ್ತು ನಿಮಿಷದಲ್ಲಿ ಗಂಟಲಿಗೆ ಸುರಿದುಕೊಳ್ಳುವುದಕ್ಕೆ ಎಡೆ ತಪ್ಪಿತು; ಬದಲಾವಣೆಯ ಮುಖ್ಯ ಕಾರಣವನ್ನು ಅಲ್ಲಿ ಹುಡುಕುವುದು ಸರಿ. ಮಾರಾಟದ ಹಿಂದೆ ವರಮಾನದ ಆಸೆಯೂ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ.

2019ರಲ್ಲಿ ಉತ್ತರ ಕೆರೊಲಿನಾ ರಾಜ್ಯವು ತನ್ನ ಸರ್ಕಾರಿ ವಿಶ್ವವಿದ್ಯಾಲಯಗಳ ಕ್ರೀಡಾಂಗಣಗಳಲ್ಲಿ ಮಾರಾಟಕ್ಕೆ ಅವಕಾಶವಿತ್ತು, ತೀರ್ಮಾನವನ್ನು ಆಯಾ ಸಂಸ್ಥೆಯ ಆಡಳಿತ ಮಂಡಲಿಗೇ ಬಿಟ್ಟಿತು. ಅದೇ ವರ್ಷ ದಕ್ಷಿಣ ರಾಜ್ಯಗಳ ಹದಿನಾಲ್ಕು ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟವೊಂದು ತನ್ನ ಹಳೆಯ ನಿಷೇಧವನ್ನು ಸಡಿಲಿಸಿತು. ಆ ಹದಿನಾಲ್ಕರಲ್ಲಿ ಹದಿಮೂರು ಸರ್ಕಾರಿ ಸಂಸ್ಥೆಗಳು. ಒಕ್ಕೂಟವು ವಿಧಿಸಿದ ಕಟ್ಟುಪಾಡುಗಳು ಗಮನಾರ್ಹ. ಬಿಯರ್ ಮತ್ತು ದ್ರಾಕ್ಷಾರಸದ ಹೊರತು ಬೇರೆ ಮದ್ಯ ಕೂಡದು. ಗೊತ್ತಾದ ಸ್ಥಳದಲ್ಲಿ ಮಾತ್ರ ಮಾರಬೇಕು. ಜನರ ನಡುವೆ ಹೊತ್ತು ತಿರುಗುವಂತಿಲ್ಲ. ಕೊಳ್ಳುವಾಗಲೆಲ್ಲ ವಯಸ್ಸಿನ ದಾಖಲೆಯನ್ನು ತೋರಿಸಬೇಕು. ಒಬ್ಬನಿಗೆ ಒಮ್ಮೆಗೆ ಕೊಡುವ ಪ್ರಮಾಣಕ್ಕೆ ಮಿತಿ ಉಂಟು. ಕೊಡುವವರಿಗೆ ತರಬೇತಿಯಾಗಿರಬೇಕು. ಫುಟ್‌ಬಾಲ್ ಆಟದ ನಾಲ್ಕು ಭಾಗಗಳಲ್ಲಿ ಮೂರು ಮುಗಿದೊಡನೆ ಮಾರಾಟವನ್ನು ನಿಲ್ಲಿಸಬೇಕು.

ಅನುಮತಿಯೆಂದರೆ ಇಷ್ಟೆಲ್ಲ. ಇದರಲ್ಲಿ ಒಂದನ್ನು ತೆಗೆದರೂ ಉಳಿಯುವುದು ಬರಿಯ ಸಡಿಲಿಕೆ. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಬಹುಭಾಗ ಇಪ್ಪತ್ತೊಂದರ ಒಳಗಿನವರಿರುವಾಗ, ವಯಸ್ಸನ್ನು ನೋಡಿ ಬೇರ್ಪಡಿಸುವ ಏರ್ಪಾಡೂ ಇಲ್ಲದಿರುವಾಗ, ಆವರಣದಲ್ಲಿ ಮದ್ಯಕ್ಕೆ ಎಡೆ ಕೇಳುವ ವಾದವು ನಿಲ್ಲಲಾರದೆಂಬುದು ಈ ಲೇಖಕನ ಅಭಿಪ್ರಾಯ. ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆ ಬರುವವರು ವಯಸ್ಕರೇ ಆದರೂ, ಬಡಿಸುವವರೂ ಕುರ್ಚಿ ಹಾಕುವವರೂ ಇಂದಿನ ವಿದ್ಯಾರ್ಥಿಗಳಲ್ಲವೆ?

ಶರೀರದ ಲೆಕ್ಕ

ಇಪ್ಪತ್ತೊಂದೆಂಬ ಅಂಕಿಯನ್ನು ನೋಡಿ ನಗುವವರಿದ್ದಾರೆ. ಆದರೆ ಮಿದುಳಿನ ಮುಂಭಾಗ, ಎಂದರೆ ಮುಂದಾಲೋಚನೆ ಮಾಡುವ ಮತ್ತು "ಸಾಕು" ಎಂದು ತಡೆಯುವ ಭಾಗವು, ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಮದ್ಯವು ಮೊದಲು ಮಂಕು ಮಾಡುವುದೂ ಆ ಭಾಗವನ್ನೇ.

ಪ್ರಮಾಣವನ್ನೂ ತಿಳಿದಿರಬೇಕು. 60 ಮಿಲಿಲೀಟರ್ ವಿಸ್ಕಿಯಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. 180 ಮಿಲಿಲೀಟರಿನ ಕ್ವಾರ್ಟರ್ ಬಾಟಲಿಯಲ್ಲಿ 60 ಗ್ರಾಂ. ಬಿಯರ್ ಎಂದರೆ ಬರಿಯ ತಂಪು ಪಾನೀಯವೆಂಬ ಭಾವನೆ ಯುವಕರಲ್ಲಿ ಬಲವಾಗಿದೆ; ಆದರೆ ನೂರಕ್ಕೆ ಎಂಟರಷ್ಟು ಮದ್ಯಸಾರವಿರುವ 'ಸ್ಟ್ರಾಂಗ್' ಬಿಯರಿನ 650 ಮಿಲಿಲೀಟರ್ ಬಾಟಲಿಯೊಂದರಲ್ಲಿ 40 ಗ್ರಾಂ ಇರುತ್ತದೆ, ಎಂದರೆ 120 ಮಿಲಿಲೀಟರ್ ವಿಸ್ಕಿಗೆ ಸಮ. ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ರಾತ್ರಿ ಹತ್ತು ಗಂಟೆಗೆ ಕ್ವಾರ್ಟರ್ ಮುಗಿಸಿದವನ ರಕ್ತದಲ್ಲಿ ಬೆಳಗಿನ ಜಾವ ನಾಲ್ಕಕ್ಕೂ ಮದ್ಯವಿರಬಹುದು. ಮಜ್ಜಿಗೆ, ನಿಂಬೆರಸ, ಕಾಫಿ, ತಣ್ಣೀರಿನ ಸ್ನಾನ ಯಾವುದೂ ಈ ಲೆಕ್ಕವನ್ನು ಚುರುಕುಗೊಳಿಸಲಾರದು. ಒಂದೇ ಪ್ರಮಾಣವನ್ನು ಕುಡಿದರೂ ಹೆಣ್ಣುಮಕ್ಕಳ ರಕ್ತದಲ್ಲಿ ಮದ್ಯದ ಮಟ್ಟವು ಹೆಚ್ಚಾಗಿ ಏರುತ್ತದೆ; ಅವರ ಶರೀರದಲ್ಲಿ ನೀರಿನ ಅಂಶ ಕಡಿಮೆ. ಆರೋಗ್ಯಕ್ಕೆ ಹಾನಿಯಿಲ್ಲವೆನ್ನಬಹುದಾದ ಪ್ರಮಾಣವೇ ಮದ್ಯಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸ್ಪಷ್ಟಪಡಿಸಿದೆ. ಮೋಟಾರು ವಾಹನ ಕಾಯಿದೆಯು 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ವಾಹನ ನಡೆಸುವುದನ್ನು ಅಪರಾಧವೆನ್ನುತ್ತದೆ. ಬೀಳ್ಕೊಡುಗೆಯ ರಾತ್ರಿ ಮೂವರು ಒಂದೇ ಮೋಟಾರ್ ಸೈಕಲ್ಲಿನಲ್ಲಿ ಊರಿಗೆ ಹೊರಡುವುದನ್ನು ಇದರೊಡನೆ ಸೇರಿಸಿ ಯೋಚಿಸಿರಿ.

ಮನೆಯಲ್ಲಿ ಕೊಡುವ ಅನುಮತಿ

ಕಾಲೇಜಿನ ಕಡೆ ಬೆರಳು ತೋರಿಸುವ ಮೊದಲು ದಂಪತಿಗಳು ತಮ್ಮ ಮನೆಯ ವಿಶೇಷ ದಿನಗಳನ್ನು ನೆನೆಯುವುದು ಒಳಿತು. ಮಾರಿಹಬ್ಬ, ಬೀಗರ ಔತಣ, ಹೊಸ ಟ್ರ್ಯಾಕ್ಟರ್ ಬಂದ ದಿನ. ತೋಟದ ಮನೆಯಲ್ಲಿ ಗಂಡಸರು ಕುಳಿತಿರುವಾಗ ಸೋದರಮಾವನು ಹದಿನೇಳು ವರ್ಷದ ಅಳಿಯನ ಕೈಗೆ ಲೋಟವನ್ನಿತ್ತು "ಕುಡಿಯೋ, ಗಂಡಸಲ್ಲವೇನೋ" ಎನ್ನುತ್ತಾನೆ. ತಂದೆ ಬೇಡವೆನ್ನದೆ ನಗುತ್ತಾನೆ. ಇಲ್ಲಿ ವಯಸ್ಸಿನ ದಾಖಲೆಯಿಲ್ಲ, ಅಳತೆಯಿಲ್ಲ, ನಿಲ್ಲಿಸುವ ಗಂಟೆಯಿಲ್ಲ. ಒಳಗೆ ಅಡಿಗೆ ಮಾಡುತ್ತಿರುವ ತಾಯಿಗೆ ಈ ಸಂಗತಿ ತಿಳಿಯುವುದೇ ಇಲ್ಲ. ಕಾಲೇಜಿನ ಗೆಳೆಯನು ಮುಂದೊಂದು ದಿನ ಲೋಟವನ್ನು ನೀಡಿದಾಗ ಹುಡುಗನಿಗೆ ಅದು ಹೊಸದಾಗಿ ತೋರುವುದಿಲ್ಲ. ಹಿರಿಯರ ಒಪ್ಪಿಗೆ ಹಿಂದೆಯೇ ಸಿಕ್ಕಿದೆ.

ಆದುದರಿಂದ ಗಂಡ ಹೆಂಡತಿ ಇಬ್ಬರೂ ಕುಳಿತು ಈ ವಿಷಯದಲ್ಲಿ ಒಂದೇ ಮಾತಿಗೆ ಬರಬೇಕಾದುದು ಅಗತ್ಯ. ತಂದೆ ಸ್ವತಃ ಕುಡಿಯುವವನಾಗಿದ್ದರೆ ಈ ಮಾತುಕತೆ ಕಷ್ಟವೇ. ಹಾಗೆಂದು ತಾಯಿಯು ಸುಮ್ಮನಿರಬೇಕಾಗಿಲ್ಲ. "ನೀವು ಕುಡಿಯುವುದು ಬೇರೆ ಮಾತು, ಮಗನಿಗೆ ಯಾರೂ ಲೋಟ ಕೊಡಬಾರದು, ನಮ್ಮಣ್ಣನಿಗೂ ನಾನೇ ಹೇಳುತ್ತೇನೆ" ಎಂದು ಆಕೆ ಹೇಳಬಹುದು. ತವರಿನವರಿಗೆ ಆಕೆಯೂ ತನ್ನ ಕಡೆಯವರಿಗೆ ಆತನೂ ಹೇಳುವುದಾದರೆ ಮುನಿಸಿಗೆ ಎಡೆ ಕಡಿಮೆ.

ಮಗುವನ್ನು ಕಾಲೇಜಿಗೆ ಕಳುಹಿಸುವಾಗ ಗದರಿಕೆಗಿಂತ ಒಂದು ಭರವಸೆ ಹೆಚ್ಚು ಕೆಲಸಕ್ಕೆ ಬರುತ್ತದೆ: ಏನೇ ತಪ್ಪು ನಡೆದಿರಲಿ, ಅಪಾಯದ ಹೊತ್ತಿನಲ್ಲಿ ಮನೆಗೆ ಫೋನು ಮಾಡು, ಬೈಗುಳವನ್ನು ಮರುದಿನಕ್ಕೆ ಇಟ್ಟುಕೊಳ್ಳುತ್ತೇವೆ ಎಂಬುದು. ಎಷ್ಟೋ ವೇಳೆ ಜ್ಞಾನ ತಪ್ಪಿದ ಗೆಳೆಯನನ್ನು ಜೊತೆಗಾರರು ಆಸ್ಪತ್ರೆಗೆ ಒಯ್ಯದೆ ಕೋಣೆಯಲ್ಲಿ ಮಲಗಿಸಿ ಬಾಗಿಲೆಳೆದುಕೊಂಡು ಹೋಗುವುದು ಮೇಲಿನವರ ಭಯದಿಂದಲೇ. ಕುಡಿಯುವುದನ್ನು ನಿಲ್ಲಿಸಿದ ಮೇಲೂ ಹೊಟ್ಟೆಯಲ್ಲಿರುವ ಮದ್ಯವು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಆದುದರಿಂದ "ಮಲಗಿದರೆ ಸರಿಹೋಗುತ್ತದೆ" ಎಂದು ನಂಬಬಾರದು. ಎಬ್ಬಿಸಿದರೂ ಏಳದಿದ್ದರೆ, ಮೈ ತಣ್ಣಗಾಗಿ ತುಟಿ ಉಗುರುಗಳು ನೀಲಿಗಟ್ಟಿದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ ಅಥವಾ ಉಸಿರು ಉಸಿರಿನ ನಡುವೆ ಹತ್ತು ಸೆಕೆಂಡು ಅಂತರ ಬಿದ್ದರೆ ಒಡನೆಯೇ 108ಕ್ಕೆ ಕರೆ ಮಾಡಬೇಕು. ವಾಹನ ಬರುವವರೆಗೆ ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಮೇಲಿನ ಕಾಲನ್ನು ಮಡಿಸಿ, ಬಾಯಿ ಕೆಳಮುಖವಾಗಿರುವಂತೆ ಮಲಗಿಸಬೇಕು. ಅಂಗಾತ ಮಲಗಿದವನಿಗೆ ವಾಂತಿ ಶ್ವಾಸನಾಳಕ್ಕೆ ಇಳಿದು ಪ್ರಾಣ ಹೋಗಬಹುದು. ಬಲವಂತದಿಂದ ವಾಂತಿ ಮಾಡಿಸಬಾರದು, ಬಾಯಿಗೆ ಏನನ್ನೂ ಹಾಕಬಾರದು, ಒಂಟಿಯಾಗಿ ಬಿಟ್ಟು ಹೋಗಬಾರದು. ಮನೆಯಲ್ಲಿ ಯಾರಿಗಾದರೂ ಕುಡಿತವು ಚಟವಾಗಿದ್ದು ಸಲಹೆ ಬೇಕಾದಲ್ಲಿ 14416 ಸಂಖ್ಯೆಯ ಟೆಲಿ ಮಾನಸ್ ಸೇವೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಎರಡು ಸಂಖ್ಯೆಗಳನ್ನೂ ವಿದ್ಯಾರ್ಥಿನಿಲಯದ ಮೇಲ್ವಿಚಾರಕರ ಫೋನು ಸಂಖ್ಯೆಯನ್ನೂ ಒಂದೇ ಚೀಟಿಯಲ್ಲಿ ಬರೆದು, ಒಂದು ಪ್ರತಿಯನ್ನು ಮಗುವಿನ ಕೈಗೆ ಕೊಟ್ಟು, ಇನ್ನೊಂದನ್ನು ಅಡಿಗೆಮನೆಯ ಕ್ಯಾಲೆಂಡರಿನ ಹಿಂದೆ ಅಂಟಿಸಿಡಿರಿ.